ವಿಂಡೋಸ್ 10 ಇರುವ ಡೆಸ್ಕ್‌ಟಾಪ್: 11ಕ್ಕೆ ಏರಿಸುವುದೇ, ಒಂದು ವರ್ಷ ಮುಂದೂಡುವುದೇ, ಲಿನಕ್ಸ್‌ಗೆ ಹೊರಳುವುದೇ?

2015ರ ಜುಲೈ 29ರಂದು ಬಿಡುಗಡೆಯಾದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮರುದಿನ ಬೆಳಿಗ್ಗೆ ಕಂಪ್ಯೂಟರುಗಳು ಎಂದಿನಂತೆಯೇ ತೆರೆದುಕೊಂಡವು, ಟ್ಯಾಲಿ ನಡೆಯಿತು, ಪ್ರಿಂಟರ್ ಕಾಗದ ಎಳೆದುಕೊಂಡಿತು. ಹೀಗಾಗಿ ಏನೂ ಬದಲಾಗಿಲ್ಲವೆಂದು ಬಹಳ ಜನ ಸುಮ್ಮನಿದ್ದಾರೆ. ಬದಲಾದದ್ದು ಕಣ್ಣಿಗೆ ಬೀಳುವ ಸಂಗತಿಯಲ್ಲ. ಪ್ರತಿ ತಿಂಗಳ ಎರಡನೆಯ ಮಂಗಳವಾರ ಹೊರಬರುವ ಭದ್ರತಾ ಅಪ್‌ಡೇಟ್, ಪ್ರತ್ಯೇಕವಾಗಿ ಹೆಸರು ನೋಂದಾಯಿಸದ ವಿಂಡೋಸ್ 10 ಯಂತ್ರಗಳಿಗೆ ಈಗ ಬರುವುದಿಲ್ಲ. 10 ಮತ್ತು 11ರ ಒಳಗಿನ ಬಹುಭಾಗ ಒಂದೇ ಆಗಿರುವುದರಿಂದ, 11ರಲ್ಲಿ ಮುಚ್ಚಿದ ದೋಷವೊಂದು 10ರಲ್ಲಿ ತೆರೆದೇ ಉಳಿಯುವ ಸಂಭವ ಹೆಚ್ಚು, ಮತ್ತು ಮುಚ್ಚಿದ ಬಗೆಯನ್ನು ನೋಡಿಯೇ ಒಳನುಗ್ಗುವ ದಾರಿಯನ್ನು ಕಂಡುಕೊಳ್ಳುವವರಿದ್ದಾರೆ. 2017ರ ವಾನಾಕ್ರೈ ದಾಳಿ ನಡೆದದ್ದು ಮೇ 12ರಂದು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪರಿಹಾರ ಕೊಟ್ಟಿತ್ತು. ನಡುವಿನ ಎರಡು ತಿಂಗಳಲ್ಲಿ ಅಪ್‌ಡೇಟ್ ಹಾಕಿಕೊಳ್ಳದೆ ಉಳಿದ ಯಂತ್ರಗಳೇ ಅದಕ್ಕೆ ತುತ್ತಾದವು.

ಆದ್ದರಿಂದ ಬ್ಯಾಂಕಿನ ಕೆಲಸವಾಗಲಿ ಬೇರೆಯವರ ದಾಖಲೆಗಳಾಗಲಿ ಇರುವ ಕಂಪ್ಯೂಟರನ್ನು ಯಾವ ಅಪ್‌ಡೇಟೂ ಇಲ್ಲದೆ ಇಂಟರ್ನೆಟ್ಟಿಗೆ ಜೋಡಿಸಿಟ್ಟುಕೊಳ್ಳುವುದನ್ನು ನಾನು ಒಂದು ಆಯ್ಕೆಯೆಂದೇ ಪರಿಗಣಿಸುವುದಿಲ್ಲ. ಉಳಿಯುವುದು ನಾಲ್ಕು ದಾರಿಗಳು: ಇರುವ ಯಂತ್ರಕ್ಕೇ ವಿಂಡೋಸ್ 11 ಹಾಕುವುದು, ವಿಸ್ತರಿತ ಭದ್ರತಾ ಅಪ್‌ಡೇಟ್ ಪಡೆದು 10ರಲ್ಲಿಯೇ ಸ್ವಲ್ಪ ಕಾಲ ಉಳಿಯುವುದು, ವಿಂಡೋಸಿನ ಬದಲಿಗೆ ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ಗೆ ಬರುವುದು, ಯಂತ್ರವನ್ನೇ ಬದಲಿಸುವುದು. ನೆಂಟರ ಮನೆಯ, ಪರಿಚಯದ ಸಣ್ಣ ಕಚೇರಿಗಳ ಕಂಪ್ಯೂಟರುಗಳನ್ನು ಅನೇಕ ವರ್ಷಗಳಿಂದ ಸರಿಪಡಿಸಿಕೊಡುತ್ತ ಬಂದಿರುವ ನನಗೆ ಇವುಗಳಲ್ಲಿ ಯಾವುದು ಮೇಲೆಂಬ ಪ್ರಶ್ನೆಗೆ ಒಂದೇ ಉತ್ತರ ಎಂದೂ ಸಿಕ್ಕಿಲ್ಲ. ಯಂತ್ರದ ವಯಸ್ಸನ್ನು ನೋಡಿ ನಿರ್ಧರಿಸಿದವರಿಗಿಂತ, ಅದರಲ್ಲಿ ನಡೆಯುವ ಕೆಲಸವನ್ನು, ಅದರಲ್ಲೂ ಕನ್ನಡದ ಕೆಲಸವನ್ನು, ಮೊದಲು ಪಟ್ಟಿ ಮಾಡಿಕೊಂಡು ನಿರ್ಧರಿಸಿದವರು ಆಮೇಲೆ ಕಡಿಮೆ ತೊಂದರೆಪಟ್ಟಿದ್ದಾರೆ.

ಮೊದಲು ನೋಡಬೇಕಾದದ್ದು ಕಡತಗಳನ್ನು

ಕರ್ನಾಟಕದ ಯಾವುದೇ ಊರಿನ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಎರಡು ಬಗೆಯ ಕನ್ನಡ ಇರುತ್ತದೆ. ಒಂದು ಯೂನಿಕೋಡ್ ಕನ್ನಡ. ಅದನ್ನು ಯಾವ ಕಂಪ್ಯೂಟರಿಗೆ, ಯಾವ ಮೊಬೈಲಿಗೆ ಒಯ್ದರೂ ಕನ್ನಡವಾಗಿಯೇ ಕಾಣುತ್ತದೆ. ಇನ್ನೊಂದು, ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಮೂಡಿಸಿದ, ಆಸ್ಕಿ ಎಂದು ಎಲ್ಲರೂ ಕರೆಯುವ ಕನ್ನಡ. ಇದರಲ್ಲಿ ಕಂಪ್ಯೂಟರಿಗೆ ಗೊತ್ತಿರುವುದು ರೋಮನ್ ಅಕ್ಷರಗಳು ಮಾತ್ರ. ಫಾಂಟು ಅವುಗಳ ಮೇಲೆ ಕನ್ನಡದ ವೇಷ ತೊಡಿಸುತ್ತದೆ. ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಕಡತವನ್ನು ತೆರೆದರೆ, ತಲೆಯ ಮೇಲೆ ಗೀರು, ಚುಕ್ಕೆ, ಬಳೆಗಳಿರುವ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಲಗ್ನಪತ್ರಿಕೆಗಳ ಹಳೆಯ ಮಾದರಿಗಳಿದ್ದ ಇಡೀ ಫೋಲ್ಡರು ಹಾಳಾಯಿತೆಂದು ತಿಳಿದ ಒಬ್ಬರು, ವೈರಸ್ ಹೊಡೆದಿರಬೇಕೆಂದು ಅದನ್ನು ಅಳಿಸಲು ಹೊರಟದ್ದನ್ನು ನಾನು ಪಕ್ಕದಲ್ಲೇ ಕುಳಿತು ತಡೆದಿದ್ದೇನೆ. ಹಿಂದಿನ ದಿನವಷ್ಟೇ ಆ ಯಂತ್ರವನ್ನು ಫಾರ್ಮ್ಯಾಟ್ ಮಾಡಿಸಿದ್ದರು. ಕಡತಗಳೆಲ್ಲ ನೆಟ್ಟಗೇ ಇದ್ದವು; ಫಾಂಟ್ಸ್ ಫೋಲ್ಡರಿನಲ್ಲಿದ್ದ ನುಡಿ ಫಾಂಟುಗಳನ್ನು ಬ್ಯಾಕಪ್ ತೆಗೆದಿರಲಿಲ್ಲ, ಅಷ್ಟೆ.

ಅದರಿಂದ, ಮುಂದಿನ ದಾರಿ ಯಾವುದೇ ಆಗಲಿ, ಮೊದಲ ದಿನ ಮಾಡಬೇಕಾದ ಕೆಲಸ ಒಂದೇ. ಹೊರಗಿನ ಹಾರ್ಡ್‌ಡಿಸ್ಕ್ ಒಂದಕ್ಕೆ ನಿಮ್ಮ ಕಡತಗಳನ್ನೆಲ್ಲ ನಕಲು ಮಾಡಿ, ಜೊತೆಗೆ ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರನ್ನೂ, ಟ್ಯಾಲಿಯ ಡೇಟಾ ಫೋಲ್ಡರನ್ನೂ, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನೂ ತೆಗೆದಿಟ್ಟುಕೊಳ್ಳಿ. ಬಳಿಕ ಆ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ ನಾಲ್ಕಾರು ಕಡತಗಳನ್ನು ನಿಜವಾಗಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬುವುದು ಸರಿಯಲ್ಲ.

ಆಸ್ಕಿ ಕಡತಗಳನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳಿವೆ, ಮತ್ತು ಆಪರೇಟಿಂಗ್ ಸಿಸ್ಟಂ ಬದಲಿಸುವ ಸಮಯವೇ ಆ ಕೆಲಸಕ್ಕೆ ಒಳ್ಳೆಯ ಸಮಯ. ಆದರೆ ಕನ್ನಡದ ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕಕ್ಕೆ ಎರಡೂ ರೋಮನ್ ಅಕ್ಷರಗಳಾಗಿಯೇ ಕಾಣುವುದರಿಂದ, ಇಂಗ್ಲಿಷ್ ಹೆಸರುಗಳು ಅಸಂಬದ್ಧ ಕನ್ನಡವಾಗಿ ಹೊರಬರುತ್ತವೆ. ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವ ಪದಗಳನ್ನೂ ಕಣ್ಣಿಟ್ಟು ಓದಿಯೇ ಒಪ್ಪಿಕೊಳ್ಳಬೇಕು. ಹತ್ತು ವರ್ಷಗಳ ಕಡತಗಳನ್ನು ಒಂದೇ ರಾತ್ರಿಯಲ್ಲಿ ಪರಿವರ್ತಿಸಿ ಮೂಲವನ್ನು ಅಳಿಸಿಬಿಡುವ ಅವಸರ ಬೇಡ.

ಪಟ್ಟಿಯಲ್ಲಿ ಬರೆದುಕೊಳ್ಳಬೇಕಾದ ಇತರ ಸಂಗತಿಗಳು: ಯಾವ ಪ್ರಿಂಟರ್, ಯಾವ ಸ್ಕ್ಯಾನರ್, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇದೆಯೇ, ಆಧಾರ್ ಸಂಬಂಧಿತ ಸೇವೆಗಳಿಗೆ ಬೆರಳಚ್ಚಿನ ಸಾಧನವಿದೆಯೇ, ಹಾರ್ಡ್‌ವೇರ್ ಲಾಕ್ (ಕಂಪ್ಯೂಟರಿಗೆ ಸಿಕ್ಕಿಸಿದರೆ ಮಾತ್ರ ತಂತ್ರಾಂಶ ನಡೆಯುವಂತೆ ಮಾಡುವ ಪುಟ್ಟ ಸಾಧನ) ಬೇಡುವ ಹಳೆಯ ತಂತ್ರಾಂಶವಿದೆಯೇ, ಮತ್ತು ಈಗಿರುವ ವಿಂಡೋಸ್ 32 ಬಿಟ್‌ನದೋ 64 ಬಿಟ್‌ನದೋ. ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಆದ್ದರಿಂದ 32 ಬಿಟ್ ವಿಂಡೋಸ್ 10 ಇರುವ ಯಂತ್ರವನ್ನು ಇದ್ದಂತೆಯೇ ಮೇಲೇರಿಸಲು ಬರುವುದಿಲ್ಲ, ಹೊಸದಾಗಿಯೇ ಹಾಕಬೇಕು. ಡಾಸ್ ಕಾಲದ 16 ಬಿಟ್ ತಂತ್ರಾಂಶ ಅಲ್ಲಿ ನಡೆಯುವುದೇ ಇಲ್ಲ. 32 ಬಿಟ್ ಡ್ರೈವರ್ ಮಾತ್ರ ಇರುವ ಹಳೆಯ ಪ್ರಿಂಟರು ಕೆಲಸ ನಿಲ್ಲಿಸುತ್ತದೆ.

ವಿಂಡೋಸ್ 11: ಯಂತ್ರ ಒಪ್ಪುವುದಾದರೆ ಇದೇ ಹತ್ತಿರದ ದಾರಿ

ಅಸಲಿ ಲೈಸೆನ್ಸ್ ಇರುವ ವಿಂಡೋಸ್ 10ರಿಂದ 11ಕ್ಕೆ ಹೋಗಲು ಹಣ ಕೊಡಬೇಕಾಗಿಲ್ಲ. ಕಡತಗಳು, ಫಾಂಟುಗಳು, ಹಾಕಿಕೊಂಡ ತಂತ್ರಾಂಶಗಳು ಇದ್ದಲ್ಲಿಯೇ ಇರುತ್ತವೆ. ಕೆಲಸ ಕೆಟ್ಟರೆ 10 ದಿನಗಳ ಒಳಗೆ ಸೆಟ್ಟಿಂಗ್ಸ್‌ನಲ್ಲಿರುವ ರಿಕವರಿ ವಿಭಾಗದಿಂದ ಹಿಂದಕ್ಕೆ ಬರುವ ಅವಕಾಶವೂ ಇದೆ. ತೊಡಕಿರುವುದು ಯಂತ್ರಾಂಶದ ಷರತ್ತುಗಳಲ್ಲಿ. 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಎಂಬ ಷರತ್ತುಗಳನ್ನು ಹೆಚ್ಚಿನ ಯಂತ್ರಗಳು ದಾಟುತ್ತವೆ. ಸೋಲುವುದು ಪ್ರೊಸೆಸರ್, ಟಿಪಿಎಂ 2.0 (ಗುಟ್ಟಿನ ಕೀಲಿಗಳನ್ನು ಕಾಪಾಡುವ ಭದ್ರತಾ ಘಟಕ) ಮತ್ತು ಸೆಕ್ಯೂರ್ ಬೂಟ್ (ಯಂತ್ರ ತೆರೆಯುವಾಗ ನಂಬಲರ್ಹ ತಂತ್ರಾಂಶವನ್ನಷ್ಟೇ ಬಿಡುವ ರಕ್ಷಣೆ) ಎಂಬ ಮೂರರಲ್ಲಿ.

ಪ್ರೊಸೆಸರಿನ ತಲೆಮಾರನ್ನು ಅದರ ಹೆಸರಿನಿಂದಲೇ ಓದಬಹುದು. ಇಂಟೆಲ್ ಕೋರ್ ಐ5-8400 ಎಂಬಲ್ಲಿ ಅಡ್ಡಗೆರೆಯ ನಂತರದ 8 ಎಂದರೆ ಎಂಟನೆಯ ತಲೆಮಾರು. ಅಲ್ಲಿಂದ ಮುಂದಿನವು ಸಾಮಾನ್ಯವಾಗಿ ಸಲ್ಲುತ್ತವೆ. ಐ3-7100 ಏಳನೆಯದು, ಅದು ಸಲ್ಲುವುದಿಲ್ಲ. ಎಎಂಡಿಯಲ್ಲಿ ರೈಜೆನ್ 2000 ಸರಣಿಯಿಂದ ಎಂದು ಹೇಳುವುದು ರೂಢಿ. ಆದರೆ ಅಗ್ಗದ ಅಸೆಂಬಲ್ ಡೆಸ್ಕ್‌ಟಾಪುಗಳಲ್ಲಿ ಬಹಳವಾಗಿ ಬಳಕೆಯಾದ 2200ಜಿ ಮತ್ತು 2400ಜಿ ಅದೇ ಸರಣಿಯ ಸಂಖ್ಯೆ ಹೊತ್ತಿದ್ದರೂ ಮೈಕ್ರೋಸಾಫ್ಟಿನ ಪಟ್ಟಿಯಲ್ಲಿಲ್ಲ. ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ತಂತ್ರಾಂಶ ಇದನ್ನೆಲ್ಲ ಒಂದೇ ಸಲ ಪರೀಕ್ಷಿಸಿ ಹೇಳುತ್ತದೆ.

ಆ ತಂತ್ರಾಂಶ ‘ಸಲ್ಲುವುದಿಲ್ಲ’ ಎಂದಾಕ್ಷಣ ಯಂತ್ರವನ್ನು ಬಿಟ್ಟುಕೊಡಬಾರದು; ಯಾವ ಷರತ್ತಿನಲ್ಲಿ ಸೋತಿದೆಯೆಂಬುದನ್ನು ಓದಬೇಕು. ಪರಿಚಯದ ಲೆಕ್ಕಪತ್ರ ಕಚೇರಿಯೊಂದರಲ್ಲಿ ಐ5-8400 ಇರುವ ಡೆಸ್ಕ್‌ಟಾಪಿಗೆ ಇದೇ ಉತ್ತರ ಬಂದಿತ್ತು, ಮತ್ತು ಅಂಗಡಿಯೊಂದು ಹೊಸ ಯಂತ್ರಕ್ಕೆ ದರಪಟ್ಟಿಯನ್ನೂ ಕಳಿಸಿತ್ತು. ಪ್ರೊಸೆಸರಿನ ಎದುರು ಹಸಿರು ಗುರುತಿತ್ತು. ಸೋತದ್ದು ಟಿಪಿಎಂ ಒಂದರಲ್ಲಿ. ಆ ಕಾಲದ ಪ್ರೊಸೆಸರುಗಳಲ್ಲಿ ಟಿಪಿಎಂ ಒಳಗೇ ಇರುತ್ತದೆ, ಮದರ್‌ಬೋರ್ಡಿನಲ್ಲಿ ಅದನ್ನು ಚಾಲೂ ಮಾಡಿರುವುದಿಲ್ಲ. ಯಂತ್ರ ಹೊತ್ತಿಕೊಳ್ಳುವಾಗ ಡಿಲೀಟ್ ಕೀಲಿಯನ್ನು ಒತ್ತುತ್ತ, ಮದರ್‌ಬೋರ್ಡಿನ ಸೆಟ್ಟಿಂಗುಗಳಿರುವ ಬಯಾಸ್‌ಗೆ ಹೋಗಿ, ಸೆಕ್ಯೂರಿಟಿ ಅಥವಾ ಅಡ್ವಾನ್ಸ್ಡ್ ವಿಭಾಗದಲ್ಲಿ ಇಂಟೆಲ್‌ನದಾದರೆ ಪಿಟಿಟಿ, ಎಎಂಡಿಯದಾದರೆ ಎಫ್‌ಟಿಪಿಎಂ ಎಂಬ ಸಾಲನ್ನು ಹುಡುಕಿ ಚಾಲೂ ಮಾಡಿ, ಉಳಿಸಿ ಹೊರಬಂದರೆ ಮುಗಿಯಿತು. ಆ ಕಚೇರಿಯ ಯಂತ್ರ ಅಂದು ಸಂಜೆಯೇ 11ಕ್ಕೆ ಏರಿತು. ಹೀಗೆ ಒಂದು ಸಾಲಿನ ಸೆಟ್ಟಿಂಗಿಗಾಗಿ ಒಳ್ಳೆಯ ಯಂತ್ರಗಳನ್ನು ಗುಜರಿಗೆ ಹಾಕುತ್ತಿರುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸೆಕ್ಯೂರ್ ಬೂಟ್ ಇದಕ್ಕಿಂತ ನಾಜೂಕು. ಹಳೆಯ ರೀತಿಯ ಲೆಗಸಿ ಬೂಟಿನಲ್ಲಿ ವಿಂಡೋಸ್ ಹಾಕಿದ್ದರೆ ಡಿಸ್ಕಿನ ವಿಭಾಗಗಳು ಎಂಬಿಆರ್ ಎಂಬ ಹಳೆಯ ಪದ್ಧತಿಯಲ್ಲಿರುತ್ತವೆ. ಸೆಕ್ಯೂರ್ ಬೂಟ್ ನಡೆಯುವುದು ಯುಇಎಫ್ಐ ಎಂಬ ಹೊಸ ರೀತಿಯ ಬೂಟಿನಲ್ಲಿ, ಅದಕ್ಕೆ ಡಿಸ್ಕ್ ಜಿಪಿಟಿ ಎಂಬ ಹೊಸ ಪದ್ಧತಿಗೆ ಬರಬೇಕು. ವಿಂಡೋಸ್ 10ರ ಒಳಗೇ ಎಂಬಿಆರ್2ಜಿಪಿಟಿ ಎಂಬ ಸಾಧನವಿದ್ದು, ಡಿಸ್ಕಿನಲ್ಲಿ ಪ್ರೈಮರಿ ಪಾರ್ಟಿಷನ್ನುಗಳು ಮೂರಕ್ಕಿಂತ ಹೆಚ್ಚಿಲ್ಲದಿದ್ದರೆ, ಮಾಹಿತಿಯನ್ನು ಅಳಿಸದೆಯೇ ಪರಿವರ್ತನೆ ಮಾಡಿಕೊಡುತ್ತದೆ. ಕ್ರಮ ತಪ್ಪಬಾರದು: ಮೊದಲು ಡಿಸ್ಕಿನ ಪರಿವರ್ತನೆ, ಆಮೇಲೆ ಬಯಾಸಿನಲ್ಲಿ ಯುಇಎಫ್ಐ. ಹಿಂದುಮುಂದಾಗಿ ಮಾಡಿದರೆ ಬೂಟ್ ಮಾಡಲು ಡಿಸ್ಕೇ ಇಲ್ಲವೆಂಬ ಕಪ್ಪು ಪರದೆ ಬರುತ್ತದೆ. ಗಾಬರಿಪಟ್ಟು ಫಾರ್ಮ್ಯಾಟ್ ಮಾಡಿಸಬೇಡಿ. ಬಯಾಸನ್ನು ಮತ್ತೆ ಲೆಗಸಿಗೆ ತಿರುಗಿಸಿದರೆ ವಿಂಡೋಸ್ ಮೊದಲಿನಂತೆ ತೆರೆದುಕೊಳ್ಳುತ್ತದೆ.

ಏಳನೆಯ ತಲೆಮಾರಿನ ಅಥವಾ ಅದಕ್ಕೂ ಹಿಂದಿನ ಪ್ರೊಸೆಸರಿಗೂ ಷರತ್ತುಗಳನ್ನು ತಪ್ಪಿಸಿ 11 ಹಾಕುವ ಉಪಾಯಗಳಿವೆ, ಮತ್ತು ಅವು ಬಹಳ ಮಟ್ಟಿಗೆ ನಡೆಯುತ್ತವೆ ಕೂಡ. ಆದರೆ ಅಂಥ ಯಂತ್ರಗಳಿಗೆ ಅಪ್‌ಡೇಟ್ ಕೊಡುವ ಹೊಣೆ ತನಗಿಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಹೋಂ ಮತ್ತು ಪ್ರೊ ಬಳಕೆದಾರರಿಗೆ 11ರ ಪ್ರತಿಯೊಂದು ವಾರ್ಷಿಕ ಆವೃತ್ತಿಗೂ ಬೆಂಬಲ ಸಿಗುವುದು 24 ತಿಂಗಳು ಮಾತ್ರ. ಆಮೇಲೆ ಮುಂದಿನ ಆವೃತ್ತಿಗೆ ಹೋಗುವಾಗ ಅದೇ ಉಪಾಯವನ್ನು ಕೈಯಾರೆ ಮತ್ತೆ ಮಾಡಬೇಕಾಗುತ್ತದೆ. 2024ರಲ್ಲಿ ಬಂದ 24ಎಚ್2 ಆವೃತ್ತಿಯಲ್ಲಿ ತೀರ ಹಳೆಯ ಕೆಲವು ಪ್ರೊಸೆಸರುಗಳು ಬೂಟ್ ಆಗುವುದೇ ನಿಂತಿತು. ತಮ್ಮ ಯಂತ್ರವನ್ನು ತಾವೇ ಬಿಚ್ಚಿ ಜೋಡಿಸಬಲ್ಲವರು ಪ್ರಯತ್ನಿಸಲಿ. ಅಪ್ಪ ಅಮ್ಮನ ಮನೆಯ ಅಥವಾ ಶಾಲೆಯ ಕಂಪ್ಯೂಟರಿಗೆ ನಾನು ಹೀಗೆ ಮಾಡುವುದಿಲ್ಲ.

ಷರತ್ತು ದಾಟಿದ ಮಾತ್ರಕ್ಕೆ ಯಂತ್ರ ಚುರುಕಾಗಿರುತ್ತದೆಂದಲ್ಲ. 4 ಜಿಬಿ ರ್‍ಯಾಮ್ ಮತ್ತು ತಿರುಗುವ ಹಾರ್ಡ್‌ಡಿಸ್ಕ್ ಇರುವ ಡೆಸ್ಕ್‌ಟಾಪಿನಲ್ಲಿ ವಿಂಡೋಸ್ 11 ತೆರೆದುಕೊಳ್ಳುವಷ್ಟರಲ್ಲಿ ಕಾಫಿ ಕುಡಿದು ಬರಬಹುದು. 8 ಜಿಬಿ ರ್‍ಯಾಮ್ ಮತ್ತು ಒಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿದ ಮೇಲೆಯೇ ಏರಿಸುವುದು ಸೂಕ್ತ, ಮತ್ತು ಎರಡರಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ಮೊದಲು ಎಸ್‌ಎಸ್‌ಡಿ.

ಹೊಸದಾಗಿ ಹಾಕುವವರಿಗೆ ಎರಡು ಎಚ್ಚರಿಕೆಗಳಿವೆ. ವಿಂಡೋಸ್ 11 ಹೋಂ ಮೊದಲ ಸಲ ಸಿದ್ಧಗೊಳ್ಳಲು ಇಂಟರ್ನೆಟ್ ಮತ್ತು ಮೈಕ್ರೋಸಾಫ್ಟ್ ಖಾತೆ ಎರಡನ್ನೂ ಕೇಳುತ್ತದೆ. 24ಎಚ್2ರಿಂದೀಚೆಗೆ, ಹೀಗೆ ಖಾತೆಯೊಂದಿಗೆ ಹೊಸದಾಗಿ ಹಾಕಿದ ಅನೇಕ ಯಂತ್ರಗಳಲ್ಲಿ ಡಿಸ್ಕಿನ ಗೂಢಲಿಪೀಕರಣ ತಾನಾಗಿಯೇ ಚಾಲೂ ಆಗುತ್ತದೆ. ಅದರ 48 ಅಂಕಿಗಳ ರಿಕವರಿ ಕೀ ಆ ಖಾತೆಯಲ್ಲಿ ಉಳಿದಿರುತ್ತದೆ. ಅಂಗಡಿಯವರು ತಮ್ಮದೇ ಯಾವುದೋ ಇಮೇಲ್ ಕೊಟ್ಟು ಸಿದ್ಧಪಡಿಸಿಕೊಟ್ಟರೆ, ಮುಂದೊಂದು ದಿನ ಮದರ್‌ಬೋರ್ಡ್ ಬದಲಿಸಿದಾಗ ಕಂಪ್ಯೂಟರು ಆ ಕೀಯನ್ನು ಕೇಳುತ್ತದೆ, ಮತ್ತು ಅದು ನಿಮ್ಮ ಬಳಿ ಇರುವುದಿಲ್ಲ. ನಿಮ್ಮ ಖಾತೆಯನ್ನೇ ಬಳಸಿ, ಕೀಯನ್ನು ಕಾಗದದ ಮೇಲೆ ಬರೆದು ಮನೆಯ ದಾಖಲೆಗಳ ಜೊತೆ ಇಟ್ಟುಕೊಳ್ಳಿ.

ಕನ್ನಡದ ಮಟ್ಟಿಗೆ ವಿಂಡೋಸ್ 11ರಲ್ಲಿ ಯೂನಿಕೋಡ್ ಬೆಂಬಲ ಚೆನ್ನಾಗಿದೆ, ಪರದೆಯ ಭಾಷೆಯನ್ನೂ ಕನ್ನಡಕ್ಕೆ ಬದಲಿಸಿಕೊಳ್ಳಬಹುದು. ಇನ್‌ಸ್ಕ್ರಿಪ್ಟ್ ಕೀಲಿಮಣೆ ಮೊದಲಿನಿಂದ ಇದೆ. 2019ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟಿನಲ್ಲಿ ಬಂದ ಫೊನೆಟಿಕ್ ಕೀಲಿಮಣೆಯೂ ಮುಂದುವರಿದಿದೆ. ಆದರೆ ನುಡಿಯಲ್ಲಿ ಬೆರಳು ಪಳಗಿದವರು ಬಳಸುವ, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ವಿಂಡೋಸಿನಲ್ಲಿ ತಾನಾಗಿ ಸಿಗುವುದಿಲ್ಲ. ನುಡಿಯಂಥ ತಂತ್ರಾಂಶವನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಇನ್ನೊಂದು ಸಣ್ಣ ವಿಷಯ: ಎಕ್ಸ್‌ಪಿ ಕಾಲದಿಂದ ಪರಿಚಿತವಾದ ತುಂಗಾ ಫಾಂಟು ಈಗ ಐಚ್ಛಿಕ ವಿಭಾಗಕ್ಕೆ ಸರಿದಿದೆ. ಹೊಸದಾಗಿ ಹಾಕಿದ ಯಂತ್ರದಲ್ಲಿ ಅದಿಲ್ಲದಿದ್ದರೆ ಹಳೆಯ ವರ್ಡ್ ಕಡತಗಳು ನಿರ್ಮಲಾ ಫಾಂಟಿನಲ್ಲಿ ತೆರೆದುಕೊಂಡು, ಸಾಲುಗಳು ಮುರಿಯುವ ಜಾಗ ಬದಲಾಗಿ, ಎರಡು ಪುಟದ ಅರ್ಜಿ ಎರಡೂವರೆ ಪುಟಕ್ಕೆ ಹೋಗುತ್ತದೆ. ಸೆಟ್ಟಿಂಗ್ಸ್‌ನ ಐಚ್ಛಿಕ ಸೌಲಭ್ಯಗಳಲ್ಲಿ ಕನ್ನಡದ ಹೆಚ್ಚುವರಿ ಫಾಂಟುಗಳನ್ನು ಸೇರಿಸಿಕೊಂಡರೆ ಸರಿಹೋಗುತ್ತದೆ.

ಪುಟ ವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್ ಬಳಸುವ ಮುದ್ರಣಾಲಯಗಳ ಮಾತು ಬೇರೆ. ಅದರ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ತಿಳಿಯದು, ಆಸ್ಕಿ ಫಾಂಟುಗಳು ನಮ್ಮ ಮುದ್ರಣಾಲಯಗಳಲ್ಲಿ ಇಷ್ಟು ದಿನ ಉಳಿದಿರುವುದಕ್ಕೆ ಇದೂ ಒಂದು ಕಾರಣ. ಜೊತೆಗೆ ಹಳೆಯ ಹಾರ್ಡ್‌ವೇರ್ ಲಾಕ್‌ಗಳ ಡ್ರೈವರನ್ನು 11ರ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆ ತಡೆಯುವ ಸಾಧ್ಯತೆಯಿದೆ. ಇಂಥ ಕಡೆ ಕೆಲಸದ ಯಂತ್ರವನ್ನೇ ಮೊದಲು ಏರಿಸಬಾರದು. ಬೇರೊಂದು ಡಿಸ್ಕಿನಲ್ಲಿ 11 ಹಾಕಿ, ನಿಜವಾದ ಒಂದು ಪುಟವನ್ನು ತೆರೆದು, ನಿಮ್ಮದೇ ಪ್ರಿಂಟರಿನಲ್ಲಿ ತೆಗೆದು ನೋಡಿದ ಮೇಲೆ ನಿರ್ಧರಿಸಿ.

ವಿಸ್ತರಿತ ಅಪ್‌ಡೇಟ್: ಯೋಚಿಸಲು ಸಿಗುವ ಕಾಲಾವಕಾಶ

ಮನೆಬಳಕೆಯ ವಿಂಡೋಸ್ 10 ಯಂತ್ರಗಳಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ಯೋಜನೆಯನ್ನು ತಂದಿದೆ. ಸೆಟ್ಟಿಂಗ್ಸ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಆಗಲು ಬಿಟ್ಟರೆ ಇದು ಉಚಿತ. ಇಲ್ಲವೇ 1,000 ಮೈಕ್ರೋಸಾಫ್ಟ್ ರಿವಾರ್ಡ್ಸ್ ಅಂಕಗಳನ್ನು ಕೊಡಬಹುದು. ಅದೂ ಬೇಡವೆಂದರೆ 30 ಡಾಲರ್ ಅಥವಾ ಅದಕ್ಕೆ ಸಮನಾದ ಸ್ಥಳೀಯ ಮೊತ್ತವನ್ನು ಒಂದು ಸಲ ಕಟ್ಟಬಹುದು. ಒಂದೇ ಖಾತೆಯಲ್ಲಿ 10 ಯಂತ್ರಗಳವರೆಗೆ ಸೇರಿಸಬಹುದು. ಹಣ ಕೊಟ್ಟರೂ ಮೈಕ್ರೋಸಾಫ್ಟ್ ಖಾತೆಯಂತೂ ಬೇಕೇ ಬೇಕು, ಮತ್ತು ಯಂತ್ರದಲ್ಲಿ 22ಎಚ್2 ಆವೃತ್ತಿ ಇರಬೇಕು. ವಿಂಡೋಸ್ ಅಪ್‌ಡೇಟ್ ಪುಟದಲ್ಲಿಯೇ ನೋಂದಣಿಯ ಕೊಂಡಿ ಕಾಣುತ್ತದೆ. ತಡವಾಗಿ ಸೇರಿದವರಿಗೂ ಹಿಂದಿನ ಅಪ್‌ಡೇಟುಗಳು ಸಿಗುತ್ತವೆ, ಆದರೆ ಸೇರುವವರೆಗೆ ಯಂತ್ರ ರಕ್ಷಣೆಯಿಲ್ಲದೆ ಇರುತ್ತದೆಂಬುದನ್ನು ಮರೆಯಬಾರದು. ಉಚಿತ ಮಾರ್ಗವನ್ನು ಹಿಡಿಯುವವರು, ಬ್ಯಾಕಪ್ ಹೋಗಿ ಸೇರುವ ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವಿನ ಉಚಿತ ಜಾಗ 5 ಜಿಬಿ ಮಾತ್ರ ಎಂಬುದನ್ನು ನೆನಪಿಟ್ಟು, ಫೋಟೋ ಫೋಲ್ಡರುಗಳನ್ನು ಅದಕ್ಕೆ ಜೋಡಿಸದೆ ಸೆಟ್ಟಿಂಗ್ಸ್‌ಗಳನ್ನಷ್ಟೇ ಕಳಿಸಿದರೆ ಸಾಕು.

ಕಚೇರಿಯ ಡೊಮೇನಿಗೆ (ಒಂದೇ ಕಡೆಯಿಂದ ನಿಯಂತ್ರಿಸುವ ಜಾಲಕ್ಕೆ) ಜೋಡಿಸಿದ ಯಂತ್ರಗಳಿಗೆ ಈ ಮನೆಬಳಕೆಯ ಯೋಜನೆ ಸಲ್ಲುವುದಿಲ್ಲ. ಸಂಸ್ಥೆಗಳ ಯೋಜನೆ ಮೂರು ವರ್ಷಗಳದು; ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರ್, ಮುಂದೆ ವರ್ಷ ವರ್ಷವೂ ಅದರ ಇಮ್ಮಡಿ. ಲೆಕ್ಕ ಹಾಕಿದರೆ ಮೂರು ವರ್ಷಕ್ಕೆ 427 ಡಾಲರ್. ಅಷ್ಟು ಹಣ ಸುರಿಯುವ ಬದಲು ಯಂತ್ರ ಬದಲಿಸುವುದೇ ಲೇಸು.

ಈ ವಿಸ್ತರಿತ ಅಪ್‌ಡೇಟಿನಲ್ಲಿ ಹೊಸ ಸೌಲಭ್ಯ ಯಾವುದೂ ಬರುವುದಿಲ್ಲ, ದೋಷಗಳಿಗೆ ತಾಂತ್ರಿಕ ನೆರವೂ ಇಲ್ಲ. ವಿಂಡೋಸಿನ ಜೊತೆಗೇ ಬರುವ ವೈರಸ್ ತಡೆ ತಂತ್ರಾಂಶವಾದ ಡಿಫೆಂಡರಿನ ವೈರಸ್ ಪಟ್ಟಿಗೆ 2028ರ ಅಕ್ಟೋಬರ್‌ವರೆಗೆ ಅಪ್‌ಡೇಟ್ ಬರುತ್ತದೆಂದು ಮೈಕ್ರೋಸಾಫ್ಟ್ ಹೇಳಿರುವುದನ್ನು ನಂಬಿ ಕೆಲವರು ನೋಂದಣಿಯೇ ಬೇಡವೆನ್ನುತ್ತಾರೆ. ವೈರಸ್ ಪಟ್ಟಿ ಹೊಸದಾಗಿದ್ದರೂ ವಿಂಡೋಸಿನ ಒಳಗಿನ ತೂತು ಮುಚ್ಚುವುದಿಲ್ಲ. ಷರತ್ತು ದಾಟದ ಯಂತ್ರವಿದ್ದು, ಬಿಟ್ಟುಬರಲಾಗದ ತಂತ್ರಾಂಶವಿರುವವರಿಗೆ ಈ ದಾರಿ ಸರಿ. ಕೊನೆಯ ವಾರದವರೆಗೆ ಮರೆತು ಕುಳಿತರೆ ಮಾತ್ರ ಅದೇ ಪ್ರಶ್ನೆ ಮತ್ತೆ ಎದುರು ನಿಲ್ಲುತ್ತದೆ.

ಲಿನಕ್ಸ್ ಮಿಂಟ್: ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲದು

ಏಳನೆಯ ತಲೆಮಾರು ಅಥವಾ ಅದಕ್ಕಿಂತ ಹಳೆಯ ಯಂತ್ರದಲ್ಲಿ ಬ್ರೌಸರ್, ಇಮೇಲ್, ಯೂನಿಕೋಡ್ ಕನ್ನಡದ ಬರವಣಿಗೆ, ಮಕ್ಕಳ ಓದು, ವಿಡಿಯೋ ಇಷ್ಟೇ ಕೆಲಸವಿದ್ದರೆ ನನ್ನ ಮೊದಲ ಸಲಹೆ ಲಿನಕ್ಸಿನ ಬಗೆಗಳಲ್ಲೊಂದಾದ ಲಿನಕ್ಸ್ ಮಿಂಟ್. ಉಬುಂಟು ಎಂಬ ಇನ್ನೊಂದು ಬಗೆಯ ಲಿನಕ್ಸಿನ 24.04 ಆವೃತ್ತಿಯನ್ನು ಆಧರಿಸಿ 2024ರ ಜುಲೈಯಲ್ಲಿ ಬಂದ ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಕನಿಷ್ಠ 2 ಜಿಬಿ ರ್‍ಯಾಮ್, ಹಿತವಾಗಿ ಬಳಸಲು 4 ಜಿಬಿ ಎಂದು ಅದರ ತಂಡವೇ ಹೇಳುತ್ತದೆ. ಟಿಪಿಎಂ ಬೇಡ, ಖಾತೆ ಬೇಡ, ಲೈಸೆನ್ಸ್ ಖರೀದಿಯಿಲ್ಲ. ಕೆಳಪಟ್ಟಿ, ಎಡಮೂಲೆಯ ಮೆನು, ಫೋಲ್ಡರುಗಳ ಕಿಟಕಿ ಎಲ್ಲವೂ ವಿಂಡೋಸಿನಿಂದ ಬಂದವರಿಗೆ ಕೈಗೆಟುಕುವಂತಿವೆ. ಲಿನಕ್ಸೆಂದರೆ ಪ್ರಯೋಗವೆಂದು ಹೆದರುವವರು ಪಕ್ಕದ ಕೇರಳವನ್ನು ನೋಡಬಹುದು. ಅಲ್ಲಿನ ಸರ್ಕಾರಿ ಶಾಲೆಗಳ ಕಂಪ್ಯೂಟರು ಪಾಠ ಉಬುಂಟು ಆಧಾರಿತವಾದ ಕೈಟ್ ಗ್ನೂ ಲಿನಕ್ಸಿನಲ್ಲಿಯೇ ನಡೆಯುತ್ತದೆ.

ಕನ್ನಡದ ಟೈಪಿಂಗಿನಲ್ಲಿ ಲಿನಕ್ಸ್ ಒಂದು ಹೆಜ್ಜೆ ಮುಂದೆಯೇ ಇದೆ ಎನ್ನಬೇಕು. ಬೇರೆ ಭಾಷೆಗಳ ಟೈಪಿಂಗಿಗೆ ನೆರವಾಗುವ ಐಬಸ್ ಜೊತೆಗೆ ಎಂ17ಎನ್ ಎಂಬ ಕೀಲಿಮಣೆಗಳ ಪ್ಯಾಕೇಜನ್ನು ಹಾಕಿಕೊಂಡರೆ, ನುಡಿಯ ಕೀಲಿಮಣೆಯೆಂದೇ ಹೆಸರಾದ ಕಗಪ (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಮೂರೂ ಉಚಿತವಾಗಿ, ಯಾವ ಹೊರಗಿನ ತಂತ್ರಾಂಶವೂ ಇಲ್ಲದೆ ಸಿಗುತ್ತವೆ. ಗುಬ್ಬಿ, ನವಿಲು, ಲೋಹಿತ್ ಎಂಬ ಕನ್ನಡ ಫಾಂಟುಗಳು ಉಬುಂಟುವಿನ ಭಂಡಾರದಲ್ಲಿಯೇ ಇವೆ. ವರ್ಡ್ ಬದಲಿಗೆ ಬಳಸುವ ಲಿಬ್ರೆಆಫೀಸಿನಲ್ಲಿ ಒಂದು ವಿಷಯ ಗೊತ್ತಿರಬೇಕು: ಅದು ಕನ್ನಡವನ್ನು ಸಂಕೀರ್ಣ ಲಿಪಿಯೆಂದು ಪರಿಗಣಿಸಿ ರೋಮನ್ ಅಕ್ಷರಗಳಿಗೊಂದು, ಕನ್ನಡಕ್ಕೊಂದು ಎಂದು ಎರಡು ಫಾಂಟುಗಳನ್ನು ಇಟ್ಟುಕೊಳ್ಳುತ್ತದೆ. ಫಾಂಟು ಬದಲಿಸಿದರೂ ಕನ್ನಡ ಬದಲಾಗಲಿಲ್ಲವೆಂದು ದೂರುವವರು ಮೊದಲನೆಯದನ್ನು ಬದಲಿಸಿರುತ್ತಾರೆ. ನುಡಿಯ ಹಳೆಯ ಆಸ್ಕಿ ಪಠ್ಯವಾದರೋ ಅದರ ಲೆಕ್ಕಕ್ಕೆ ರೋಮನ್ನೇ. ಆ ಫಾಂಟುಗಳನ್ನು ನಕಲು ಮಾಡಿ ಹಾಕಿದರೆ ಕಡತವನ್ನು ಓದಬಹುದು.

ಸಲ್ಲದವರು ಯಾರೆಂಬುದನ್ನೂ ಅಷ್ಟೇ ನೇರವಾಗಿ ಹೇಳಬೇಕು. ಟ್ಯಾಲಿ, ಕೋರೆಲ್‌ಡ್ರಾ, ಫೋಟೋಶಾಪ್, ಪೇಜ್‌ಮೇಕರ್ ವಿಂಡೋಸಿಗಾಗಿ ಮಾಡಿದ ತಂತ್ರಾಂಶಗಳು. ಅವನ್ನು ಲಿನಕ್ಸಿನಲ್ಲಿ ಹೇಗೋ ನಡೆಸುವ ದಾರಿಗಳನ್ನು ಹುಡುಕಬಹುದಾದರೂ, ಹೊಟ್ಟೆಪಾಡಿನ ಕೆಲಸವನ್ನು ಹಾಗೆ ಒಡ್ಡಬಾರದು. ಡಿಜಿಟಲ್ ಸಹಿ ಟೋಕನ್, ಬೆರಳಚ್ಚಿನ ಸಾಧನ ಇರುವವರು ಆ ತಯಾರಕರು ಲಿನಕ್ಸ್ ಡ್ರೈವರ್ ಕೊಡುತ್ತಾರೆಯೇ ಎಂದು ಖಚಿತಪಡಿಸಿಕೊಳ್ಳದೆ ಹೊರಳಬಾರದು. ಪ್ರಿಂಟರುಗಳಲ್ಲಿ ನಮ್ಮ ಕಡೆ ಬಹಳ ಇರುವ ಎಚ್‌ಪಿ ಲೇಸರ್‌ಜೆಟ್ 1020, ಎಚ್‌ಪಿಲಿಪ್ ತಂತ್ರಾಂಶದ ಜೊತೆ ಅದರ ಹೆಚ್ಚುವರಿ ಪ್ಲಗಿನ್ನನ್ನೂ ಇಳಿಸಿಕೊಂಡರೆ ಕೆಲಸ ಮಾಡುತ್ತದೆ. ಅಷ್ಟೇ ಜನಪ್ರಿಯವಾದ ಕ್ಯಾನನ್ ಎಲ್‌ಬಿಪಿ 2900 ತನ್ನದೇ ಪ್ರತ್ಯೇಕ ಪದ್ಧತಿಯ ಡ್ರೈವರನ್ನು ಕೇಳುವುದರಿಂದ ಲಿನಕ್ಸಿನಲ್ಲಿ ತುಂಬ ಸತಾಯಿಸುತ್ತದೆ.

ಒಳ್ಳೆಯದೆಂದರೆ ಹಾಕುವ ಮೊದಲೇ ಪರೀಕ್ಷಿಸಬಹುದು. ಮಿಂಟ್ ಇರುವ ಪೆನ್‌ಡ್ರೈವಿನಿಂದ ಕಂಪ್ಯೂಟರನ್ನು ತೆರೆದರೆ ಡಿಸ್ಕನ್ನು ಮುಟ್ಟದೆಯೇ ಇಡೀ ವ್ಯವಸ್ಥೆ ಕಾಣುತ್ತದೆ. ಅರ್ಧ ದಿನ ಅದರಲ್ಲೇ ಕುಳಿತು ವೈಫೈ, ಧ್ವನಿ, ಪ್ರಿಂಟರ್, ಬ್ಯಾಂಕಿನ ಪುಟ ಎಲ್ಲವನ್ನೂ ನೋಡಿ. ಹಾಕುವಾಗ ‘ಡಿಸ್ಕ್ ಅಳಿಸು’ ಎಂಬ ಆಯ್ಕೆ ಇಡೀ ಡಿಸ್ಕನ್ನು, ಅಂದರೆ ಡಿ ಮತ್ತು ಇ ಡ್ರೈವುಗಳನ್ನೂ ಸೇರಿಸಿ, ಅಳಿಸುತ್ತದೆ. ಸಿ ಮಾತ್ರ ಹೋಗುತ್ತದೆಂಬ ಭರವಸೆಯಲ್ಲಿ ಮಕ್ಕಳ ಬಾಲ್ಯದ ಫೋಟೋಗಳನ್ನು ಕಳೆದುಕೊಂಡವರನ್ನು ಕಂಡಿದ್ದೇನೆ. ವಿಂಡೋಸನ್ನೂ ಪಕ್ಕದಲ್ಲಿ ಉಳಿಸಿಕೊಳ್ಳುವವರು ಮೊದಲು ಅದರಲ್ಲಿರುವ ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಬೇಕು. ಇಲ್ಲದಿದ್ದರೆ ಲಿನಕ್ಸಿನಿಂದ ಆ ಡ್ರೈವಿಗೆ ಏನನ್ನೂ ಬರೆಯಲು ಬರುವುದಿಲ್ಲ.

ಯಂತ್ರವನ್ನೇ ಬದಲಿಸುವುದು

ಹೊಸದನ್ನೇ ಕೊಳ್ಳಬೇಕೆಂದಿಲ್ಲ. ಕಂಪನಿಗಳು ಬಿಟ್ಟ ಎಂಟನೆಯ ತಲೆಮಾರಿನ ಮತ್ತು ಅದರ ಮುಂದಿನ ಡೆಸ್ಕ್‌ಟಾಪುಗಳು ಬೆಂಗಳೂರಿನ ಎಸ್‌. ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ಬಳಸಿದ ಸರಕಾಗಿ ಸಿಗುತ್ತವೆ, ಮತ್ತು ಮನೆಗೂ ಸಣ್ಣ ಕಚೇರಿಗೂ ಅವು ಧಾರಾಳವಾಗಿ ಸಾಕು. ಐ5 ಎಂಬಷ್ಟನ್ನೇ ಕೇಳಿ ಹಣ ಕೊಡದೆ, ಪೂರ್ತಿ ಸಂಖ್ಯೆಯನ್ನು ಪರದೆಯ ಮೇಲೆ ನೋಡಿ. ಆರನೆಯ ತಲೆಮಾರಿನದೂ ಐ5 ಆಗಿರಬಹುದು. ಜೊತೆಗೆ ಸೆಟ್ಟಿಂಗ್ಸ್‌ನ ಆ್ಯಕ್ಟಿವೇಷನ್ ಪುಟವನ್ನು ತೆರೆಯಿಸಿ. ಡಿಜಿಟಲ್ ಲೈಸೆನ್ಸ್‌ನಿಂದ ಚಾಲೂ ಆಗಿದೆಯೆಂದಿದ್ದರೆ ಸರಿ; ಯಾವುದೋ ಸಂಸ್ಥೆಯ ಆ್ಯಕ್ಟಿವೇಷನ್ ಸೇವೆಯ ಮೂಲಕ ಎಂದಿದ್ದರೆ ಆ ವಿಂಡೋಸ್ ನಿಮ್ಮದಲ್ಲ, ಅದನ್ನು ದರದಲ್ಲಿ ಲೆಕ್ಕ ಹಿಡಿಯಬೇಡಿ.

ಯಂತ್ರ ಬದಲಿಸಿದ ಮುದ್ರಣಾಲಯಗಳು ಹಳೆಯದನ್ನು ಒಡನೆ ಮಾರದಿರುವುದು ಒಳ್ಳೆಯದು. ಆಸ್ಕಿ ಕಡತಗಳು, ಪೇಜ್‌ಮೇಕರ್, ಅವುಗಳಿಗೆ ಒಗ್ಗಿದ ಪ್ರಿಂಟರ್ ಎಲ್ಲವೂ ಇರುವ ಆ ವಿಂಡೋಸ್ 10 ಯಂತ್ರದಿಂದ ಇಂಟರ್ನೆಟ್ ತಂತಿಯನ್ನು ಕಿತ್ತು, ವೈಫೈ ಕೊಂಡಿಯನ್ನೂ ತೆಗೆದು ಮೂಲೆಯಲ್ಲಿಟ್ಟರೆ, ಹಳೆಯ ಪುಸ್ತಕದ ಮರುಮುದ್ರಣ ಬಂದ ದಿನ ಅದೇ ಆಸರೆ. ಅದಕ್ಕೆ ಹೋಗಿಬರುವ ಪೆನ್‌ಡ್ರೈವ್ ಮಾತ್ರ ಬೇರೆಯಾಗಿರಲಿ, ಮತ್ತು ಹೊಸ ಯಂತ್ರದಲ್ಲಿ ಪ್ರತಿ ಸಲವೂ ಸ್ಕ್ಯಾನ್ ಮಾಡಿದ ನಂತರವೇ ಅದನ್ನು ತೆರೆಯಿರಿ.